ಸದ್ದು ಬರುತ್ತದೆ, ನಾಣ್ಯ ಸಿಗುವುದಿಲ್ಲ: ಆಳದ ಸಿಗ್ನಲ್ ಓದುವಾಗ ಎಲ್ಲಿ ತಪ್ಪುತ್ತದೆ?

ಹೆಡ್‌ಫೋನಿನಲ್ಲಿ ಸಣ್ಣಗೆ ಒಂದು ಸದ್ದು. ಪರದೆಯ ಮೇಲೆ 21. ಕಾಯಿಲ್, ಅಂದರೆ ಕೋಲಿನ ತುದಿಯಲ್ಲಿ ನೆಲದ ಮೇಲೆ ಆಡಿಸುವ ತಟ್ಟೆ, ವಾಪಸ್ ತಂದರೆ 14. ಮೂರನೇ ಸಲ ಏನೂ ಇಲ್ಲ. ನಾಲ್ಕನೇ ಸಲ 33. ಅಗೆಯಬೇಕೋ, ಬಿಟ್ಟು ಮುಂದೆ ಹೋಗಬೇಕೋ?

ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ನಾಣ್ಯ ಹುಡುಕುವವರೆಲ್ಲ ಒಂದಲ್ಲ ಒಂದು ದಿನ ಹೀಗೆ ನಿಂತಿರುತ್ತಾರೆ. ನಾನಿರುವುದು ಇಂಗ್ಲೆಂಡಿನ ಸಫೋಕ್ ಕಡೆ. ರೈತರೊಬ್ಬರ ಅನುಮತಿ ಪಡೆದು, ಕೊಯ್ಲು ಮುಗಿದ ಹೊಲಗಳಲ್ಲಿ ರಜೆಯ ದಿನ ಹುಡುಕುತ್ತೇನೆ. ಇಲ್ಲಿಯ ಮಣ್ಣಿನಲ್ಲಿ ರೋಮನ್ನರ ಕಾಲದ ಪುಟ್ಟ ಕಾಸಿನಿಂದ ಹಿಡಿದು ವಿಕ್ಟೋರಿಯಾ ರಾಣಿಯ ದಪ್ಪ ಪೆನ್ನಿಯವರೆಗೆ ಎಲ್ಲವೂ ಇವೆ. ಜೊತೆಗೆ ಮೊಳೆ, ಲಾಳ, ನೇಗಿಲಿನ ಚೂರು, ಕಾಡತೂಸಿನ ತಳ ಕೂಡ ಇವೆ. ಶುರುವಿನಲ್ಲಿ ನನ್ನ ಯಂತ್ರವೇ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ವಾಪಸ್ ಕೊಡಲು ಹೊರಟಿದ್ದೆ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದು ಹೇಳುತ್ತಿದ್ದುದು ನನಗೆ ತಿಳಿಯುತ್ತಿರಲಿಲ್ಲ, ಅಷ್ಟೇ.

ಇಡೀ ಬರಹದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಆಳದಲ್ಲಿರುವ ನಾಣ್ಯದ ವಿಷಯಕ್ಕೆ ಬಂದರೆ, ಯಾವ ಲೋಹ ಇರಬಹುದು ಅಂತ ಪರದೆ ತೋರಿಸುವ ನಂಬರನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಎರಡು ದಿಕ್ಕಿನಿಂದ ಕಾಯಿಲ್ ಆಡಿಸಿದಾಗಲೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಸದ್ದೇ ಮೊದಲ ಸಾಕ್ಷಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅದರ ಬಣ್ಣ ನೋಡಿ ತೀರ್ಮಾನ ಮಾಡುವುದಿಲ್ಲ. ಬೆರಳಿನಿಂದ ನಾಲ್ಕು ಕಡೆ ತಟ್ಟಿ, ಎಲ್ಲ ಕಡೆ ಒಂದೇ ಸದ್ದು ಬರುತ್ತದೆಯೇ ಅಂತ ಕೇಳುತ್ತೇವೆ, ಅಲ್ವಾ? ಇದೂ ಅಂಥದ್ದೇ ಕೆಲಸ.

ಸದ್ದು ಅನುಮಾನ ತಂದಾಗ ನಾನು ಅನುಸರಿಸುವ ಕ್ರಮ ಹೀಗಿದೆ: ಮೊದಲು ಗಾಳಿ, ಆಮೇಲೆ ನನ್ನ ಮೈಮೇಲಿರುವ ಕಬ್ಬಿಣ, ಆಮೇಲೆ ನೆಲ, ಆಮೇಲೆ ಪಕ್ಕದ ಮೊಳೆ, ಕೊನೆಗೆ ನಾಣ್ಯ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಬೇಕು. ಮೂರು ಬಟನ್ ಒಟ್ಟಿಗೆ ಒತ್ತಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಆಳಕ್ಕೆ ಹೋದಂತೆ ಏನಾಗುತ್ತದೆ

ನಾಣ್ಯ ಹುಡುಕುವ ಹೆಚ್ಚಿನ ಡಿಟೆಕ್ಟರ್‌ಗಳು ಕೆಲಸ ಮಾಡುವ ಬಗೆ ಒಂದೇ. ಕಾಯಿಲ್‌ನಲ್ಲಿ ಎರಡು ಸುರುಳಿ ಇರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತದೆ. ಅದು ತಾಗಿದ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳೂ ತಮ್ಮದೇ ಕಾಂತಕ್ಷೇತ್ರ ಹೊರಡಿಸುತ್ತವೆ. ಎರಡನೇ ಸುರುಳಿ ಅದನ್ನು ಕೇಳಿಸಿಕೊಳ್ಳುತ್ತದೆ. ವಾಪಸ್ ಬಂದ ಅಲೆ ಎಷ್ಟು ಜೋರಾಗಿದೆ ಎನ್ನುವುದು ಒಂದು ಮಾಹಿತಿ. ಕಳಿಸಿದ ಅಲೆಗಿಂತ ಎಷ್ಟು ತಡವಾಗಿದೆ ಎನ್ನುವುದು ಇನ್ನೊಂದು. ಆ ತಡವನ್ನು ಲೆಕ್ಕ ಹಾಕಿಯೇ ಯಂತ್ರ ನಂಬರ್ ಕೊಡುತ್ತದೆ. ದಪ್ಪ ಬೆಳ್ಳಿಗೆ ಒಂದು ನಂಬರ್, ತೆಳು ತಗಡಿಗೆ ಇನ್ನೊಂದು, ಕಬ್ಬಿಣಕ್ಕೆ ಮತ್ತೊಂದು.

ಕಷ್ಟ ಶುರುವಾಗುವುದು ಇಲ್ಲಿ. ನಾಣ್ಯದಂಥ ಸಣ್ಣ ವಸ್ತು ಕಾಯಿಲ್‌ನಿಂದ ದೂರ ಹೋದಂತೆ ಕ್ಷೇತ್ರ ಹೋಗುವಾಗಲೂ ಕ್ಷೀಣಿಸುತ್ತದೆ, ಬರುವಾಗಲೂ ಕ್ಷೀಣಿಸುತ್ತದೆ. ಕಾಯಿಲ್‌ನ ಅಗಲಕ್ಕಿಂತ ಹೆಚ್ಚು ಆಳಕ್ಕೆ ಹೋದ ಮೇಲೆ ದೂರ ಎರಡರಷ್ಟಾದರೆ ವಾಪಸ್ ಬರುವ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅರ್ಧ ಅಲ್ಲ, ಕಾಲು ಅಲ್ಲ, 64ರಲ್ಲಿ ಒಂದು! ಹಾಗಾಗಿಯೇ 6 ಇಂಚಿನಲ್ಲಿ ಗಂಟೆಯಂತೆ ಮೊಳಗುವ ನಾಣ್ಯ 10 ಇಂಚಿನಲ್ಲಿ ಪಿಸುಮಾತಾಗುತ್ತದೆ. ಆದರೆ ಸುತ್ತಲಿನ ಮಣ್ಣು, ಗಾಳಿಯಲ್ಲಿನ ವಿದ್ಯುತ್ ಗದ್ದಲ, ಪಕ್ಕದ ಮೊಳೆ ಮಾತ್ರ ಮೊದಲಿನಷ್ಟೇ ಜೋರಾಗಿರುತ್ತವೆ. ಆ ಗದ್ದಲವೆಲ್ಲ ನಾಣ್ಯದ ಪಿಸುಮಾತಿನೊಂದಿಗೆ ಬೆರೆತು ಬಂದದ್ದನ್ನೇ ಯಂತ್ರ ನಂಬರ್ ಮಾಡಿ ತೋರಿಸುತ್ತದೆ. ನಂಬರ್ ಕುಣಿಯುವುದು ಇದೇ ಕಾರಣಕ್ಕೆ. ಆಳದ ಸಿಗ್ನಲ್‌ನಲ್ಲಿ ನಂಬರ್ ಸ್ವಲ್ಪ ಅಲ್ಲಾಡುವುದು ದೋಷವೇ ಅಲ್ಲ. ನೆಲಮಟ್ಟದಲ್ಲೇ ಇರುವ ವಸ್ತುವಿಗೂ ಅಲ್ಲಾಡಿದರೆ ಅನುಮಾನ ಪಡಬೇಕು.

ಕಾಯಿಲ್ ಸುಮ್ನೆ ಹಿಡಿದರೂ ಸದ್ದು

ಕಾಯಿಲನ್ನು ಸೊಂಟದ ಎತ್ತರಕ್ಕೆ ಎತ್ತಿ, ಅಲ್ಲಾಡಿಸದೆ ಹಿಡಿದುಕೊಳ್ಳಿ. ಆಗಲೂ ಚಟಪಟ ಬಂದರೆ ಅದಕ್ಕೂ ನೆಲಕ್ಕೂ ಸಂಬಂಧವಿಲ್ಲ. ಗಾಳಿಯಲ್ಲಿರುವ ವಿದ್ಯುತ್ ಗದ್ದಲ ಅದು. ಹೈಟೆನ್ಷನ್ ತಂತಿ, ಜೇಬಿನಲ್ಲಿರುವ ಮೊಬೈಲ್, ಹತ್ತಿರದಲ್ಲೇ ಹುಡುಕುತ್ತಿರುವ ಇನ್ನೊಬ್ಬರ ಡಿಟೆಕ್ಟರ್ ಇದಕ್ಕೆ ಕಾರಣ ಆಗಬಹುದು. ಸದ್ದು ಗಡಿಯಾರದಂತೆ ಸೆಕೆಂಡಿಗೊಮ್ಮೆ ಟಿಕ್ ಟಿಕ್ ಅಂತ ಬರುತ್ತಿದ್ದರೆ, ಹತ್ತಿರದಲ್ಲೆಲ್ಲೋ ದನ ಕುರಿಗಳಿಗೆ ಹಾಕಿದ ಕರೆಂಟು ಬೇಲಿ ಇದೆ ಅಂತ ಅರ್ಥ. ನಮ್ಮಲ್ಲಿ ಆನೆ ಹಂದಿ ತಡೆಯಲು ಹಾಕುವ ಸೋಲಾರ್ ಬೇಲಿಯೂ ಹೀಗೇ ಬಿಟ್ಟು ಬಿಟ್ಟು ಮಿಡಿಯುತ್ತದೆ.

ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ. ಯಂತ್ರದಲ್ಲಿ ನಾಯ್ಸ್ ಕ್ಯಾನ್ಸಲ್ ಇದ್ದರೆ ಕಾಯಿಲ್ ನಿಶ್ಚಲವಾಗಿಟ್ಟು ಅದನ್ನು ಒತ್ತಿ. ಇಲ್ಲವೇ ಚಾನೆಲ್ ಬದಲಿಸಿ. ಅದಾದ ಮೇಲೂ ನಿಲ್ಲದಿದ್ದರೆ ಸೆನ್ಸಿಟಿವಿಟಿ, ಅಂದರೆ ಯಂತ್ರದ ಕಿವಿ ಎಷ್ಟು ಚುರುಕು ಎನ್ನುವ ಸೆಟ್ಟಿಂಗ್, ಎರಡು ಮೆಟ್ಟಿಲು ಇಳಿಸಿ. ಇಳಿಸಿದರೆ ಆಳ ಕಡಿಮೆಯಾಗುತ್ತದೆ ಅಂತ ಎಲ್ಲರಿಗೂ ಹೆದರಿಕೆ. ಗದ್ದಲದ ನಡುವೆ ಕೇಳಿಸದೇ ಹೋದ ನಾಣ್ಯ ಎಷ್ಟು ಆಳದಲ್ಲಿದ್ದರೆ ಏನು ಬಂತು? ಎರಡು ಮೆಟ್ಟಿಲು ಇಳಿಸಿದ ಮೇಲೇ ನನಗೆ ಎಷ್ಟೋ ಸಲ ಆಳದ ಸದ್ದು ಬಿಡಿಸಿ ಕೇಳಿಸಿದೆ.

ಬೂಟು, ಸನಿಕೆ, ಹಾಸಿಗೆ

ಕಾಯಿಲ್ ಬಲಕ್ಕೆ ಬಂದಾಗಲೆಲ್ಲ ಸದ್ದು, ಎಡಕ್ಕೆ ಹೋದಾಗ ಇಲ್ಲ. ಎರಡು ಹೆಜ್ಜೆ ಮುಂದೆ ಹೋದರೂ ಅದೇ ಸದ್ದು ಹಿಂದೆಯೇ ಬರುತ್ತದೆ. ಆಗ ನಿಮ್ಮ ಬೂಟು ನೋಡಿಕೊಳ್ಳಿ. ಬೆರಳಿನ ಬಳಿ ಉಕ್ಕಿನ ಟೋಪಿ ಇರುವ ಬೂಟು, ಕೈಯಲ್ಲಿ ನೇತಾಡುವ ಸನಿಕೆ, ಬೆಲ್ಟಿನ ಬಕಲ್, ಇವೆಲ್ಲ ಲೋಹವೇ. ಕಾಯಿಲ್‌ನ ಕೇಬಲ್ ಕೋಲಿಗೆ ಬಿಗಿಯಾಗಿ ಸುತ್ತಿರದೆ ಜೋತಾಡುತ್ತಿದ್ದರೂ ಸುಳ್ಳು ಸದ್ದು ಬರುತ್ತದೆ. ಕಾಯಿಲ್‌ನ ಪ್ಲಾಸ್ಟಿಕ್ ಕವರ್ ಒಳಗೆ ಸೇರಿಕೊಂಡ ಒದ್ದೆ ಮಣ್ಣೂ ತೊಂದರೆ ಕೊಡುತ್ತದೆ. ಅದನ್ನು ಆಗಾಗ ಬಿಚ್ಚಿ ತೊಳೆಯಿರಿ.

ಸುತ್ತಲಿನ ಕಬ್ಬಿಣವನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ 1881ರ ಒಂದು ಘಟನೆಯನ್ನು ನಾನು ಯಾವಾಗಲೂ ನೆನೆಯುತ್ತೇನೆ. ಆ ವರ್ಷ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಗುಂಡಿನ ದಾಳಿ ನಡೆಯಿತು. ಮೈಯೊಳಗೆ ಉಳಿದ ಗುಂಡನ್ನು ಪತ್ತೆ ಮಾಡಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಯಂತ್ರ ತಂದರು. ಇಂದಿನ ಡಿಟೆಕ್ಟರ್‌ನ ಮುತ್ತಜ್ಜ ಅಂತಲೇ ಹೇಳಬಹುದು. ಬೇರೆ ಕಡೆ ಪರೀಕ್ಷಿಸಿದಾಗ ಅದು ಚೆನ್ನಾಗಿ ಕೆಲಸ ಮಾಡಿತ್ತು. ಅಧ್ಯಕ್ಷರ ಹಾಸಿಗೆಯ ಬಳಿ ಮಾತ್ರ ಎಲ್ಲೆಲ್ಲೂ ಸದ್ದು. ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವು. ಅದೂ ಸಾಲದೆಂಬಂತೆ ವೈದ್ಯರು ಗುಂಡು ಬಲಭಾಗದಲ್ಲೇ ಇದೆ ಅಂತ ನಂಬಿ ಅಲ್ಲಿ ಮಾತ್ರ ಹುಡುಕಿಸಿದರು. ಗುಂಡು ಇದ್ದದ್ದು ಎಡಕ್ಕೆ, ಆಳದಲ್ಲಿ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಯಂತ್ರ ಸರಿಯಾಗಿತ್ತು. ಸುತ್ತಲಿನ ಲೋಹ, ಆಳ, ಮೊದಲೇ ಮಾಡಿಕೊಂಡ ತೀರ್ಮಾನ, ಈ ಮೂರು ಸೇರಿ ಅದರ ಮಾತನ್ನು ಕೆಡಿಸಿದವು. ನೂರ ನಲವತ್ತು ವರ್ಷಗಳಾದರೂ ಹೊಲದಲ್ಲಿ ನಾವು ಎಡವುವುದು ಇದೇ ಮೂರು ಕಲ್ಲುಗಳಿಗೆ.

ನೆಲವೇ ಸದ್ದು ಮಾಡಿದರೆ

ಮಣ್ಣಿನಲ್ಲೂ ಕಬ್ಬಿಣದ ಅಂಶ ಇರುತ್ತದೆ. ಸಫೋಕಿನ ಜೇಡಿಮಣ್ಣು ಅಷ್ಟೇನೂ ತೊಂದರೆ ಕೊಡುವುದಿಲ್ಲ. ನಾರ್ಥಾಂಪ್ಟನ್‌ಶೈರ್ ಕಡೆಯ ಕಬ್ಬಿಣಕಲ್ಲಿನ ಕೆಂಪು ನೆಲಕ್ಕೆ ಹೋದರೆ ಅದೇ ಯಂತ್ರ ಅದೇ ಸೆಟ್ಟಿಂಗ್‌ನಲ್ಲಿ ಕಿರುಚುತ್ತದೆ. ನಮ್ಮ ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಂಥ ನೆಲದಲ್ಲಿ ಆಳದ ನಾಣ್ಯದ ಸಿಗ್ನಲನ್ನು ಮಣ್ಣು ತನ್ನ ಕಡೆ ಎಳೆದುಕೊಳ್ಳುತ್ತದೆ. ಒಳ್ಳೆಯ ಬೆಳ್ಳಿ ಕೂಡ ಕಬ್ಬಿಣದ ನಂಬರ್ ತೋರಿಸಬಹುದು.

ಪರೀಕ್ಷೆ ಸುಲಭ. ಲೋಹ ಇಲ್ಲದ ಒಂದು ಜಾಗ ಹುಡುಕಿ. ಕಾಯಿಲನ್ನು ಒಂದು ಅಡಿ ಎತ್ತರದಿಂದ ನೆಲದ ಹತ್ತಿರಕ್ಕೆ ಇಳಿಸಿ, ಎತ್ತಿ, ಮತ್ತೆ ಇಳಿಸಿ. ಇಳಿಸಿದಾಗಲೆಲ್ಲ ಸದ್ದು ಏರಿದರೆ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಸದ್ದನ್ನು ಕಳೆಯುವ ಸೆಟ್ಟಿಂಗ್, ಸರಿಯಿಲ್ಲ ಅಂತ ಅರ್ಥ. ಹೀಗೆ ಕುಟ್ಟಿದಂತೆ ಆಡಿಸುತ್ತಲೇ ಯಂತ್ರದ ಗ್ರೌಂಡ್ ಬ್ಯಾಲೆನ್ಸ್ ಬಟನ್ ಒತ್ತಿ ಸರಿಮಾಡಿಕೊಳ್ಳಬೇಕು. ತಗ್ಗಿನ ಒದ್ದೆ ನೆಲದಿಂದ ದಿಬ್ಬಕ್ಕೆ ಹೋದಾಗ ಮತ್ತೊಮ್ಮೆ ಮಾಡಬೇಕು. ಬೆಳಗ್ಗೆ ಒಂದು ಸಲ ಮಾಡಿ ಇಡೀ ದಿನ ಅದರಲ್ಲೇ ತಿರುಗುವವರನ್ನು ಜಾಸ್ತಿ ನೋಡಿದ್ದೇನೆ.

ಸುಟ್ಟ ಇಟ್ಟಿಗೆ, ಹೆಂಚಿನ ಚೂರು, ಹಳೆಯ ಒಲೆಯ ಮಣ್ಣು ಕೂಡ ಸದ್ದು ಮಾಡುತ್ತವೆ. ಬೆಂಕಿಯಲ್ಲಿ ಸುಟ್ಟ ಜೇಡಿಗೆ ಕಾಂತದ ಗುಣ ಬರುತ್ತದೆ. ರೋಮನ್ನರ ಮನೆಗಳಿದ್ದ ಕಡೆ ಇದು ಸಾಮಾನ್ಯ. ಇನ್ನೊಂದು ಕಾಟವೆಂದರೆ ಕೋಕ್, ಅಂದರೆ ಗಾಳಿ ತಾಗದಂತೆ ಕಾಯಿಸಿದ ಕಲ್ಲಿದ್ದಲಿನ ಚೂರು. ಇದು ಕಬ್ಬಿಣದಂತೆ ಗೊರಗುಟ್ಟುವುದಿಲ್ಲ. ತೆಳು ನಾಣ್ಯದಂತೆ ಸೌಮ್ಯವಾಗಿ ಮಾತಾಡುತ್ತದೆ. ಗುಂಡಿಯಲ್ಲಿ ಕಪ್ಪಗೆ ಹಗುರವಾದ ಚೂರು ಸಿಕ್ಕಿದರೆ ಅದನ್ನೇ ಕಾಯಿಲ್ ಮುಂದೆ ಆಡಿಸಿ ನೋಡಿ. ಉತ್ತರ ಅಲ್ಲೇ ಸಿಗುತ್ತದೆ.

ಮೊಳೆಯ ಮೋಸ

ಅತಿ ಹೆಚ್ಚು ಗುಂಡಿಗಳು ವ್ಯರ್ಥವಾಗುವುದು ಮೊಳೆಯಿಂದ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಬ್ಬಿಣಕ್ಕೆ ಕಡಿಮೆ ಟೋನ್, ಬೆಳ್ಳಿ ತಾಮ್ರಕ್ಕೆ ಎತ್ತರದ ಟೋನ್ ಎನ್ನುವುದು ಪುಸ್ತಕದ ಪಾಠ. ಹೊಲದಲ್ಲಿ ಹಾಗಾಗುವುದಿಲ್ಲ. ತುಕ್ಕು ಹಿಡಿದ, ಬಾಗಿದ ಮೊಳೆಯ ಮೇಲೆ ಕಾಯಿಲ್ ಹೋದಾಗ ಒಂದು ತುದಿಯಲ್ಲಿ ಚಿಕ್ ಅಂತ ಎತ್ತರದ ಸದ್ದು ಬರುತ್ತದೆ. ದೊಡ್ಡ ಕಬ್ಬಿಣದ ತುಂಡು ಆಳದಲ್ಲಿದ್ದರೆ ಇನ್ನೂ ಕಷ್ಟ. ಯಂತ್ರದ ಲೆಕ್ಕ ಒಂದು ಸುತ್ತು ತಿರುಗಿ, ಕೆಳಗಿರಬೇಕಾದ ನಂಬರ್ ನೇರ ಮೇಲಿನ ತುದಿಗೆ ಹೋಗಿ ಕೂರುತ್ತದೆ. ದಪ್ಪ ಬೆಳ್ಳಿ ನಾಣ್ಯ ಅಂತ ಕುಣಿದಾಡಿ ಅಗೆದರೆ ಒಂದೂವರೆ ಅಡಿಯಲ್ಲಿ ನೇಗಿಲಿನ ಗುಳ ಕಾಣಿಸುತ್ತದೆ. ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ.

ಬಿಡಿಸಿಕೊಳ್ಳಲು ಮೂರು ಪರೀಕ್ಷೆ ನನಗೆ ಕೈಕೊಟ್ಟಿಲ್ಲ. ಮೊದಲನೆಯದು ತಿರುಗುವುದು. ಸದ್ದು ಬಂದ ಜಾಗದ ಮೇಲೆ ಕಾಯಿಲ್ ಆಡಿಸುತ್ತಲೇ ಸುತ್ತ ನಡೆಯಿರಿ, ಕಾಲು ಸುತ್ತು, ಅಂದರೆ 90 ಡಿಗ್ರಿ. ನಾಣ್ಯ ದುಂಡಗಿದೆ. ಯಾವ ಕಡೆಯಿಂದ ನೋಡಿದರೂ ಅದು ಅದೇ. ಮೊಳೆ ಉದ್ದಕ್ಕಿದೆ. ಒಂದು ಕಡೆಯಿಂದ ಎತ್ತರದ ಸದ್ದು, ಅಡ್ಡಲಾಗಿ ನಿಂತರೆ ಬರೀ ಗೊರಗುಟ್ಟುವಿಕೆ. ಸದ್ದು ಎರಡೂ ಕಡೆಯಿಂದ ಸಮನಾಗಿ ಬಂದರೆ, ಎಷ್ಟೇ ಸಣ್ಣದಿರಲಿ, ನಾನು ಅಗೆಯುತ್ತೇನೆ.

ಎರಡನೆಯದು ಜಾಗ ಹೊಂದುತ್ತದೆಯೇ ಎಂಬುದು. ಟೋನ್ ಎಲ್ಲಿ ಚೆನ್ನಾಗಿ ಬರುತ್ತದೋ ಅಲ್ಲಿ ಮನಸ್ಸಿನಲ್ಲೇ ಒಂದು ಗುರುತು ಹಾಕಿ. ಈಗ ಪಿನ್‌ಪಾಯಿಂಟ್ ಮೋಡ್ ಒತ್ತಿ ವಸ್ತುವಿನ ನಡುಜಾಗ ಹುಡುಕಿ. ನಾಣ್ಯವಾದರೆ ಎರಡೂ ಒಂದೇ ಜಾಗದಲ್ಲಿ ಬೀಳುತ್ತವೆ. ಎತ್ತರದ ಟೋನ್ ಒಂದು ಕಡೆ, ಪಿನ್‌ಪಾಯಿಂಟ್ ನಡುಜಾಗ ಅದರಿಂದ ನಾಲ್ಕು ಬೆರಳು ಆಚೆ ಎಂದಾದರೆ ಅದು ಮೊಳೆಯ ತುದಿ ಹೇಳುತ್ತಿರುವ ಸುಳ್ಳು.

ಮೂರನೆಯದು ಎತ್ತಿ ನೋಡುವುದು. ಕಾಯಿಲನ್ನು ಮೆಲ್ಲಗೆ ಎತ್ತುತ್ತಾ ಆಡಿಸಿ. ಆಳದ ನಾಣ್ಯದ ಸದ್ದು ಎರಡು ಮೂರು ಇಂಚು ಎತ್ತುವಷ್ಟರಲ್ಲಿ ಕರಗಿಹೋಗುತ್ತದೆ. ಒಂದು ಅಡಿ ಎತ್ತಿದರೂ ಕೂಗುತ್ತಲೇ ಇದ್ದರೆ ಅಲ್ಲಿರುವುದು ದೊಡ್ಡ ವಸ್ತು. ಡಬ್ಬ, ಗುಳ, ಇಲ್ಲವೇ ಪೈಪು.

ಇಷ್ಟೆಲ್ಲ ಆದ ಮೇಲೂ ಒಂದು ಸಿಕ್ಕು ಉಳಿಯುತ್ತದೆ. ಮೊಳೆಯ ಪಕ್ಕದಲ್ಲೇ ನಾಣ್ಯ ಇದ್ದರೆ? ಹಳೆಯ ಮನೆ, ಸಂತೆ, ಹೋಟೆಲು ಇದ್ದ ಜಾಗಗಳಲ್ಲಿ ಇದೇ ಹೆಚ್ಚು. ಜನ ಓಡಾಡಿದ ಕಡೆ ಮೊಳೆಯೂ ಬೀಳುತ್ತದೆ, ಕಾಸೂ ಬೀಳುತ್ತದೆ. ಆಗ ನಾಣ್ಯದ ಸದ್ದು ಒಂದೇ ದಿಕ್ಕಿನಿಂದ ಬರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಮೊಳೆ ಅದನ್ನು ಮುಚ್ಚಿಹಾಕುತ್ತದೆ. ಮೊದಲ ಪರೀಕ್ಷೆಯಲ್ಲಿ ಅದು ಫೇಲಾಗುತ್ತದೆ! ಇಂಥ ಕಡೆ ನಾನು ಡಿಸ್ಕ್ರಿಮಿನೇಷನ್, ಅಂದರೆ ಕಬ್ಬಿಣದಂಥ ಬೇಡದ ಲೋಹದ ಸದ್ದನ್ನು ಅಡಗಿಸುವ ಸೆಟ್ಟಿಂಗ್, ಪೂರ್ತಿ ತೆಗೆದು ಎಲ್ಲ ಲೋಹವನ್ನೂ ಕೇಳುತ್ತೇನೆ. ಸಣ್ಣ ಕಾಯಿಲ್ ಹಾಕುತ್ತೇನೆ. ರಿಕವರಿ ಸ್ಪೀಡ್ ಏರಿಸುತ್ತೇನೆ. ಅದು ಒಂದು ವಸ್ತುವನ್ನು ಕೇಳಿ ಮುಗಿಸಿ ಮುಂದಿನದಕ್ಕೆ ಎಷ್ಟು ಬೇಗ ತಯಾರಾಗುತ್ತದೆ ಎನ್ನುವ ಸೆಟ್ಟಿಂಗ್. ಆಳ ಸ್ವಲ್ಪ ಕಳೆದುಕೊಳ್ಳುತ್ತೇವೆ, ಪಕ್ಕಪಕ್ಕದ ಎರಡು ವಸ್ತು ಬಿಡಿಸಿ ಕೇಳಿಸುತ್ತವೆ. ಎತ್ತರದ ಟೋನ್ ಒಂದು ದಿಕ್ಕಿನಲ್ಲಿ ಮಾತ್ರ ಬಂದರೂ, ಬಂದಾಗಲೆಲ್ಲ ಅದೇ ಜಾಗದಲ್ಲಿ ಬರುತ್ತಿದ್ದು, ಪಿನ್‌ಪಾಯಿಂಟ್ ಕೂಡ ಅಲ್ಲೇ ತೋರಿಸಿದರೆ ಅಗೆಯಿರಿ. ಮೊಳೆಯ ಸುಳ್ಳು ಟೋನ್ ಕಾಯಿಲ್ ಆಡಿಸಿದಂತೆ ಜಾಗ ಬದಲಿಸುತ್ತದೆ. ನಾಣ್ಯ ಬದಲಿಸುವುದಿಲ್ಲ.

ನಂಬರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ನಂಬರ್ ಯಂತ್ರದಿಂದ ಯಂತ್ರಕ್ಕೆ ಬೇರೆ. ಮೈನ್‌ಲ್ಯಾಬ್ ಈಕ್ವಿನಾಕ್ಸ್ 800ರಲ್ಲಿ ಮೈನಸ್ 9ರಿಂದ 40ರವರೆಗೆ ಇದೆ. ಗ್ಯಾರೆಟ್ ಎಟಿ ಪ್ರೊದಲ್ಲಿ 99ರವರೆಗೆ. ಇನ್ನೊಬ್ಬರ ಪಟ್ಟಿ ನೋಡಿ ನಿಮ್ಮ ಹೊಲದಲ್ಲಿ ತೀರ್ಮಾನ ಮಾಡಬೇಡಿ.

ಬೆಳ್ಳಿ ಅಂದರೆ ಮೇಲಿನ ನಂಬರ್ ಎನ್ನುವ ನಂಬಿಕೆ ಇಂಗ್ಲೆಂಡಿನಲ್ಲಿ ಬಹಳ ನಷ್ಟ ಮಾಡಿದೆ. 1662ರಲ್ಲಿ ಯಂತ್ರದಿಂದ ಅಚ್ಚು ಹಾಕುವುದು ನೆಲೆಗೊಳ್ಳುವ ತನಕ ಇಲ್ಲಿನ ನಾಣ್ಯಗಳನ್ನು ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು. ಅವನ್ನು ಹ್ಯಾಮರ್ಡ್ ನಾಣ್ಯ ಅನ್ನುತ್ತಾರೆ. ಮೂರನೇ ಹೆನ್ರಿ ರಾಜನ ಕಾಲದಲ್ಲಿ, 1247ರಿಂದ ಹೊರಬಂದ ಉದ್ದ ಶಿಲುಬೆಯ ಬೆಳ್ಳಿ ಪೆನ್ನಿ ಸುಮಾರು 18 ಮಿ.ಮೀ. ಅಗಲ. ತೂಕ ಒಂದೂವರೆ ಗ್ರಾಂ ಕೂಡ ಇಲ್ಲ. ದಪ್ಪವಂತೂ ಕಾಗದದ ಹಾಗೆ. ಚಿಲ್ಲರೆ ಬೇಕಾದಾಗ ಜನ ಆ ಶಿಲುಬೆಯ ಗೆರೆ ಹಿಡಿದು ಅರ್ಧ, ಕಾಲು ಕತ್ತರಿಸುತ್ತಿದ್ದರು. ಅಷ್ಟು ತೆಳುವಾದ ಬೆಳ್ಳಿ ಮೇಲಿನ ನಂಬರ್ ಕೊಡುವುದೇ ಇಲ್ಲ. ನಡುವಿನಲ್ಲಿ ನಿಲ್ಲುತ್ತದೆ. ಕತ್ತರಿಸಿದ ಕಾಲು ಪೆನ್ನಿಯಂತೂ ಚಾಕೊಲೇಟಿನ ಬೆಳ್ಳಿ ಹಾಳೆ ಇದ್ದ ಹಾಗೆ ಕೇಳಿಸುತ್ತದೆ. ಅದೇ 1797ರ ಕಾರ್ಟ್‌ವೀಲ್ ತಾಮ್ರದ ಪೆನ್ನಿ ತೆಗೆದುಕೊಳ್ಳಿ. ಅದು 36 ಮಿ.ಮೀ. ಅಗಲ, 28 ಗ್ರಾಂ ತೂಕ. ಸಾಕಷ್ಟು ಆಳದಲ್ಲಿದ್ದರೂ ತಾನೇ ಕೂಗಿ ಕರೆಯುತ್ತದೆ. ನನಗೆ ಬೇಕಾದ್ದು ಮೊದಲನೆಯದು. ಏಳು ನೂರು ವರ್ಷದ ಹಿಂದೆ ಯಾರೋ ಸಂತೆಗೆ ಹೋಗುವಾಗ ಕಳೆದುಕೊಂಡ ಒಂದು ದಿನದ ಕೂಲಿ ಅಂಗೈಮೇಲೆ ಬಂದು ಕೂರುವುದಿದೆಯಲ್ಲ, ಅದಕ್ಕಾಗಿ ನಾನು ನೂರು ಬೆಳ್ಳಿ ಹಾಳೆ ಅಗೆಯಲು ತಯಾರು.

ಹಾಗಾಗಿ ನಂಬರನ್ನು ನಾನು ನೋಡುವ ರೀತಿ ಇಷ್ಟು. ಹತ್ತು ಸಲ ಆಡಿಸಿದಾಗ ನಂಬರ್ ಕುಣಿದರೂ, ಬಹುಪಾಲು ಕಬ್ಬಿಣದ ಗಡಿಯಿಂದ ಮೇಲೇ ಇರುತ್ತದೆಯೇ? ಹೌದಾದರೆ ಅಗೆಯಬಹುದು. ಮೇಲಿನ ತುದಿಗೂ ಕೆಳಗಿನ ತುದಿಗೂ ಜಿಗಿಯುತ್ತಾ ನಡುವೆ ಎಲ್ಲೂ ನಿಲ್ಲದಿದ್ದರೆ ಕಬ್ಬಿಣದ ಅನುಮಾನವೇ ಜಾಸ್ತಿ.

ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತದೆ ಎನ್ನುವುದೇ ಫ್ರೀಕ್ವೆನ್ಸಿ. ಕಡಿಮೆ ಫ್ರೀಕ್ವೆನ್ಸಿ ದಪ್ಪ ಬೆಳ್ಳಿ ತಾಮ್ರಕ್ಕೆ ಒಳ್ಳೆಯದು. ತೆಳು ಸಣ್ಣ ನಾಣ್ಯಕ್ಕೆ ಹೆಚ್ಚಿನ ಫ್ರೀಕ್ವೆನ್ಸಿ ಬೇಕು. ಎರಡನ್ನೂ ಒಟ್ಟಿಗೆ ಕಳಿಸುವ ಯಂತ್ರಗಳು ಈಗ ಬಂದಿರುವುದರಿಂದ ಈ ತಲೆಬಿಸಿ ಕಡಿಮೆಯಾಗಿದೆ.

ಗುಂಡಿ ತೋಡಿದ ಮೇಲೆ ಸದ್ದು ಮಾಯ

ಇದು ಬಹಳ ಜನರ ದೂರು. ಮೇಲಿನಿಂದ ಚೆನ್ನಾಗಿ ಬಂದ ಸದ್ದು ಒಂದು ಹೆಂಟೆ ಎತ್ತಿದ ಕೂಡಲೇ ನಿಂತುಹೋಗುತ್ತದೆ. ಗುಂಡಿಯಲ್ಲೂ ಇಲ್ಲ, ಮಣ್ಣಿನ ರಾಶಿಯಲ್ಲೂ ಇಲ್ಲ.

ಒಂದು ಕಾರಣ ತುಕ್ಕು. ನೂರಾರು ವರ್ಷ ಕೊಳೆತ ಕಬ್ಬಿಣ ಸುತ್ತಲಿನ ಮಣ್ಣಿಗೂ ಇಳಿದಿರುತ್ತದೆ. ಆ ಮಣ್ಣೂ ಸೇರಿ ಸದ್ದು ದೊಡ್ಡದಾಗಿರುತ್ತದೆ. ಹೆಂಟೆ ಒಡೆದಾಗ ಆ ಜೋಡಣೆ ಚದುರಿಹೋಗಿ, ಮೊಳೆಯ ಎತ್ತರದ ಟೋನ್ ಸತ್ತು ಕೆಳಗಿನ ಟೋನ್ ಮಾತ್ರ ಉಳಿಯುತ್ತದೆ. ಡಿಸ್ಕ್ರಿಮಿನೇಷನ್ ಹಾಕಿದ್ದರೆ ಅದೂ ಕೇಳಿಸುವುದಿಲ್ಲ. ಒಮ್ಮೆ ಡಿಸ್ಕ್ರಿಮಿನೇಷನ್ ತೆಗೆದು ಕೇಳಿ.

ಎರಡನೆಯದು, ನಾಣ್ಯ ಸಡಿಲ ಮಣ್ಣಿನಲ್ಲಿ ಜಾರಿ ಅಂಚಿನ ಮೇಲೆ ನಿಂತಿರುವುದು. ಮಲಗಿದ ನಾಣ್ಯದ ಪೂರ್ತಿ ಮುಖ ಕಾಯಿಲ್‌ಗೆ ಕಾಣುತ್ತದೆ. ನಿಂತ ನಾಣ್ಯದ ಅಂಚು ಮಾತ್ರ ಕಾಣುತ್ತದೆ. ಸದ್ದು ಥಟ್ಟನೆ ಸಣ್ಣದಾಗುತ್ತದೆ, ಕೆಲವೊಮ್ಮೆ ಎರಡಾಗಿ ಒಡೆದು ಕೇಳಿಸುತ್ತದೆ. ಗಾಬರಿಯಾಗದೆ ರಾಶಿಯನ್ನು ತೆಳುವಾಗಿ ಹರಡಿ, ಮತ್ತೆ ಕಾಯಿಲ್ ಆಡಿಸಿ. ಗುಂಡಿಯೊಳಗೆ ಹುಡುಕಲು ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್ ಆದ ಪಿನ್‌ಪಾಯಿಂಟರ್ ಸಣ್ಣ ನಾಣ್ಯವನ್ನು ಒಂದೆರಡು ಇಂಚಿನಿಂದಷ್ಟೇ ಹಿಡಿಯುತ್ತದೆ. ಗುಂಡಿಯ ನಾಲ್ಕು ಗೋಡೆಗಳಿಗೂ ಅದನ್ನು ತಾಗಿಸಬೇಕು. ಆಳದ ಗುರಿ ಪಿನ್‌ಪಾಯಿಂಟ್‌ನಲ್ಲಿ ಒಂದೆರಡು ಇಂಚು ಆಚೀಚೆ ತೋರುವುದು ಸಹಜ. ಹಾಗಾಗಿ ನಾಣ್ಯ ಎಷ್ಟೋ ಸಲ ಗೋಡೆಯಲ್ಲೇ ಇರುತ್ತದೆ. ದಯವಿಟ್ಟು ಸನಿಕೆಯಿಂದ ಗೋಡೆ ಕೆರೆಯಬೇಡಿ. ಬೆಳ್ಳಿಯ ಮೇಲೆ ಬಿದ್ದ ಗೀರು ಯಾವತ್ತೂ ಹೋಗುವುದಿಲ್ಲ.

ಆಳದ ಸದ್ದೇ ಬರುತ್ತಿಲ್ಲ

ನಾಲ್ಕು ಇಂಚಿನೊಳಗಿನದು ಮಾತ್ರ ಸಿಗುತ್ತಿದೆ ಅಂತಾದರೆ ಸೆಟ್ಟಿಂಗ್‌ಗಿಂತ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಕಾಯಿಲ್ ಬೀಸುವಾಗ ಎರಡೂ ತುದಿಯಲ್ಲಿ ಅದು ಲೋಲಕದಂತೆ ಮೇಲೇಳುತ್ತಿದೆಯೇ? ಮೂರು ಇಂಚು ಎದ್ದರೆ ಮೂರು ಇಂಚು ಆಳ ಹೋಯಿತು. ನೆಲ ಗುಡಿಸುವ ಹಾಗೆ ಮಟ್ಟಸವಾಗಿ, ನಿಧಾನವಾಗಿ ಆಡಿಸಬೇಕು. ಆಳಕ್ಕೆ ಹೋದಂತೆ ಕಾಯಿಲ್‌ಗೆ ಕೇಳಿಸುವ ಜಾಗ ಕಿರಿದಾಗುತ್ತದೆ. ಆದ್ದರಿಂದ ಒಂದು ಬೀಸಿನ ಮೇಲೆ ಇನ್ನೊಂದು ಬೀಸು ಅರ್ಧದಷ್ಟಾದರೂ ಹಾಯಬೇಕು. ಆಗಷ್ಟೇ ಉತ್ತ ಹೊಲದಲ್ಲಿ ಹೆಂಟೆಗಳೇ ಕಾಯಿಲನ್ನು ಎತ್ತಿ ಹಿಡಿಯುತ್ತವೆ, ಮಣ್ಣಿನ ನಡುವೆ ಗಾಳಿ ತುಂಬಿರುತ್ತದೆ. ಮಟ್ಟ ಹೊಡೆದು, ಒಂದೆರಡು ಮಳೆ ಬಿದ್ದು ಮಣ್ಣು ಕೂತ ಮೇಲೆ ಅದೇ ಹೊಲ ಬೇರೆಯಾಗಿ ಮಾತಾಡುತ್ತದೆ.

ಕಿವಿಗೆ ಅಭ್ಯಾಸ ಮಾಡಿಸಲು ಮನೆಯ ಹಿತ್ತಲಲ್ಲಿ ಒಂದು ಪರೀಕ್ಷಾ ಜಾಗ ಮಾಡಿಕೊಳ್ಳಿ. ಮೇಲಿನಿಂದ ಗುಂಡಿ ತೋಡಿ ನಾಣ್ಯ ಹಾಕಿದರೆ ಕಲಕಿದ ಮಣ್ಣಿನಿಂದ ಲೆಕ್ಕ ತಪ್ಪುತ್ತದೆ. ಪಕ್ಕದಿಂದ ಓರೆಯಾಗಿ ರಂಧ್ರ ಮಾಡಿ, ಪ್ಲಾಸ್ಟಿಕ್ ಪೈಪಿನೊಳಗೆ ನಾಣ್ಯ ತಳ್ಳಿ. ಮೇಲಿನ ಮಣ್ಣು ಇದ್ದ ಹಾಗೇ ಉಳಿಯುತ್ತದೆ. 6, 8, 10 ಇಂಚಿನಲ್ಲಿ ಅದೇ ನಾಣ್ಯ ಹೇಗೆ ಕೇಳಿಸುತ್ತದೆ ಅಂತ ಕೇಳಿ, ಆಮೇಲೆ ಪಕ್ಕಕ್ಕೆ ಒಂದು ಮೊಳೆ ಇಟ್ಟು ಮತ್ತೆ ಕೇಳಿ. ಒಂದು ಸಂಜೆ ಹೀಗೆ ಕೂತರೆ ಒಂದು ವರ್ಷದ ಗುಂಡಿಗಳು ಉಳಿಯುತ್ತವೆ. ಹಿಂದೆ ನಮ್ಮೂರುಗಳಲ್ಲಿ ವ್ಯಾಪಾರಿಗಳು ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ ಖೋಟಾ ನಾಣ್ಯ ಕಂಡುಹಿಡಿಯುತ್ತಿದ್ದರು. ಅವರ ಕಿವಿಯೂ ಹುಟ್ಟಿನಿಂದ ಬಂದದ್ದಲ್ಲ.

ಕೈ ನಿಲ್ಲಿಸಬೇಕಾದ ಸದ್ದು

ಅಗೆದಂತೆ ಸದ್ದು ಸಣ್ಣದಾಗದೆ ದೊಡ್ಡದಾಗುತ್ತಾ ಹೋದರೆ, ಒಂದು ನಾಣ್ಯ ತೆಗೆದ ಮೇಲೂ ಗುಂಡಿಯೊಳಗೆ ಎಲ್ಲ ಕಡೆಯಿಂದ ಒಳ್ಳೆಯ ಟೋನ್ ಬರುತ್ತಿದ್ದರೆ, ಸನಿಕೆ ಕೆಳಗಿಡಿ. ಸದ್ದು ನೇಗಿಲು ಹಾಯುವ ಪದರಕ್ಕಿಂತ ಕೆಳಗಿನಿಂದ ಬರುತ್ತಿದ್ದರೂ ಅಷ್ಟೇ. ಆ ಪದರದ ಮೇಲಿನದು ನೂರಾರು ಸಲ ಕಲಕಿದ ಮಣ್ಣು. ಅದರ ಕೆಳಗಿನದು ಇಟ್ಟವರು ಇಟ್ಟ ಹಾಗೇ ಇದೆ.

1992ರ ನವೆಂಬರಿನಲ್ಲಿ ಇದೇ ಸಫೋಕಿನ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬುವರು ಸ್ನೇಹಿತರು ಹೊಲದಲ್ಲಿ ಕಳೆದುಕೊಂಡ ಸುತ್ತಿಗೆ ಹುಡುಕುತ್ತಿದ್ದರು. ಸಿಕ್ಕಿದ್ದು ರೋಮನ್ನರ ನಿಧಿ. ಅವರು ಪೂರ್ತಿ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ವದವರು ಬಂದು ಪದರ ಪದರವಾಗಿ ತೆಗೆದರು. 14,865 ನಾಣ್ಯಗಳ ಜೊತೆ, ಅವುಗಳನ್ನು ಇಟ್ಟಿದ್ದ ಮರದ ಪೆಟ್ಟಿಗೆಯ ಗುರುತೂ ಸಿಕ್ಕಿತು. ಆತುರದಲ್ಲಿ ಬಾಚಿದ್ದರೆ ನಾಣ್ಯ ಸಿಗುತ್ತಿತ್ತು, ಪೆಟ್ಟಿಗೆಯ ಕತೆ ಮಣ್ಣುಪಾಲಾಗುತ್ತಿತ್ತು. ಆ ನಿಧಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸುತ್ತಿಗೆ ಕೂಡ.

ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆಕ್ಟ್ ಪ್ರಕಾರ 300 ವರ್ಷ ದಾಟಿದ ಎರಡು ಅಥವಾ ಹೆಚ್ಚು ಚಿನ್ನ ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕರೆ, ಬೇರೆ ಲೋಹದ್ದಾದರೆ ಹತ್ತು ಸಿಕ್ಕರೆ, 14 ದಿನದೊಳಗೆ ಕರೋನರ್ (ನಿಧಿಯ ವಿಚಾರಣೆ ನಡೆಸುವ ಅಧಿಕಾರಿ) ಕಚೇರಿಗೆ ತಿಳಿಸಬೇಕು. ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಜಿಲ್ಲೆಯ ಫೈಂಡ್ಸ್ ಲಿಯೇಸನ್ ಅಧಿಕಾರಿಗೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಒಪ್ಪಿಗೆ ಇಲ್ಲದೆ ಡಿಟೆಕ್ಟರ್ ಹಿಡಿಯುವುದೇ ಅಪರಾಧ.

ಊರಿನಿಂದ ಇದನ್ನು ಓದುವವರಲ್ಲಿ ಒಂದು ಮನವಿ. ಭಾರತದಲ್ಲಿ ನೆಲದಡಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಎನ್ನುವ ಕಾನೂನು 1878ರಿಂದಲೇ ಇದೆ. ನಿಧಿ ಆಸೆಗೆ ಹಾಳು ದೇವಸ್ಥಾನಗಳ ಗರ್ಭಗುಡಿ ಅಗೆದು, ನಂದಿಯನ್ನು ಕೆಡವಿ ಹೋದ ಸುದ್ದಿ ನಮ್ಮ ಜಿಲ್ಲೆಗಳಿಂದ ಬರುತ್ತಲೇ ಇರುತ್ತದೆ. ಓದುವಾಗ ಹೊಟ್ಟೆ ಉರಿಯುತ್ತದೆ. ಇಲ್ಲಿ ಬರೆದದ್ದನ್ನು ಹಳೆಯ ಗುಡಿ, ಕೋಟೆ, ಹಾಳೂರಿನ ಹತ್ತಿರ ದಯವಿಟ್ಟು ಒಯ್ಯಬೇಡಿ.

ಕೈ ನಿಲ್ಲಿಸಿದ ಮೇಲೆ ಮಾಡಬೇಕಾದ್ದು ಸ್ವಲ್ಪವೇ. ಮೊಬೈಲಿನಲ್ಲಿ ಜಾಗದ ಜಿಪಿಎಸ್ ಗುರುತು ತೆಗೆದುಕೊಳ್ಳಿ. ಗುಂಡಿಯ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಏನಾದರೂ ಇಟ್ಟು. ಹೊರಬಂದ ನಾಣ್ಯವನ್ನು ಉಜ್ಜಬೇಡಿ, ಮಣ್ಣಿನ ಸಮೇತ ಡಬ್ಬಿಯಲ್ಲಿಡಿ. ಹೊಲದ ಯಜಮಾನರಿಗೆ ಅವತ್ತೇ ಹೇಳಿ. ಗುಂಡಿ ಮುಚ್ಚಿ, ಮೇಲೆ ಕೂಳೆ ಹರಡಿ. ಗುರುತಿಗೆ ಅಂತ ಬಾವುಟವನ್ನೋ ಕೋಲನ್ನೋ ಮಾತ್ರ ನೆಡಬೇಡಿ. ರಾತ್ರಿ ಕದ್ದು ಅಗೆಯಲು ಬರುವವರು ಹುಡುಕುವುದು ಅದನ್ನೇ.